ಬಸವ್ವನ ತಾಟು

ಆಗ ನಾನು ಗ್ರಾಮಸೇವಕಿ. ತಿಳವಳ್ಳಿಯ ಮಹಿಳಾ ಮಂಡಳದಲ್ಲಿ ಸೊಪ್ಪು, ಕಾಳು ತಿನ್ನಿರೆಂದು ಪಾಠ ಮಾಡುತ್ತಿದ್ದೆ. ಒಂದು ದಿನ ಹೆಂಗಸರೆಲ್ಲ ಮನೆಯಿಂದ ಹಿಡಿ ಹಿಡಿ ಕಾಳು, ಹಿತ್ತಲ ಸೊಪ್ಪು ತಂದರು. ಅಲ್ಲೇ ಬೇಯಿಸಿ, ಅವರನ್ನು ಸಾಲಾಗಿ ಕೂಡಿಸಿ ನಾನೇ ಬಡಿಸಿದೆ. ಎಲ್ಲರಿಗಿಂತ ಹಿರಿಯಳಾದ ಬಸವ್ವ ಮಾತ್ರ ತಾಟು ಮುಟ್ಟಲಿಲ್ಲ.

“ಯಾಕ್ರಿ ಬಸವ್ವ, ರುಚಿ ಆಗಿಲ್ಲೇನ್ರಿ?”

“ಹಂಗಲ್ರಿ ಅಕ್ಕಾರ. ನಮ್ಮವ್ವ ಹೋದ ಮ್ಯಾಲ ನನ್ನ ತಾಟಿಗೆ ಯಾರೂ ನೀಡಿದ್ದಿಲ್ರಿ. ತಡೀರಿ, ಒಂದೀಟು ನೋಡ್ತೇನಿ.”

ನೋಡಿ ನೋಡಿ ಆಮೇಲೆ ಉಂಡಳು. ಇನ್ನೊಂದು ಸೌಟು ಹಾಕಿದಾಗ ಬೇಡ ಅನ್ನಲಿಲ್ಲ.

ಈಗ ನಾನೂ ಮನೆಮಂದಿಗೆಲ್ಲ ಬಡಿಸಿ ಕಡೆಗೆ ಉಣ್ಣುತ್ತೇನೆ. ಸೊಪ್ಪು, ಕಾಳು ಎಲ್ಲ ಪಾಠದ ಪ್ರಕಾರವೇ ಇರುತ್ತವೆ. ಆದರೂ ಖಾಲಿ ತಾಟಿನ ಮುಂದೆ ಒಂದು ಗಳಿಗೆ ಸುಮ್ಮನೆ ಕೂಡುತ್ತೇನೆ, ಯಾರಾದರೂ ಗ್ರಾಮಸೇವಕಿ ಬಂದಾಳೇನೋ ಎಂದು.