ಖಣಿಯಲ್ಲಿ ಹಾರಿಸಿದ ನನ್ನ ತೋಟಾ

ಚಿಂಚೋಳಿಯಲ್ಲಿ ನಾನು ಶಾಲಾ ಮಾಸ್ತರನಾಗಿದ್ದಾಗ ಪಕ್ಕದ ಮನೆಯಲ್ಲಿ ಬಂದೂಕು ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷಗಳಾಗಿದ್ದವು. ಶಿಕಾರಿಗೆ ಹೊಸ ತೋಟಾ ಸಿಗುವುದು ಕಷ್ಟವಾಗಿದ್ದರಿಂದ, ಲೈಸೆನ್ಸ್ ಇದ್ದವರು ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಅವರಿಗೆ ತಂದುಕೊಡುತ್ತಿದ್ದರು. ಅವರು ಅಕ್ಕಸಾಲಿಗರ ತಕ್ಕಡಿಯಲ್ಲಿ ಉಸಿರು ಬಿಗಿಹಿಡಿದು ಮದ್ದು ತೂಗಿ ಅವನ್ನು ಮತ್ತೆ ತುಂಬುತ್ತಿದ್ದರು. ಯಾರಾದರೂ ಬೇಗ ಬೇಕೆಂದರೆ, "ತಡೀರಿ, ಅವಸರ ಬ್ಯಾಡ್ರಿ" ಎನ್ನುತ್ತಿದ್ದರು. ತುಂಬಿದ್ದರಲ್ಲಿ ಒಂದನ್ನು ಊರಾಚೆಯ ಹಳೆಯ ಕಲ್ಲಿನ ಖಣಿಯಲ್ಲಿ ತಾವೇ ಹಾರಿಸಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ.

ಅವರನ್ನು ನೋಡಿ ಕಲಿತೆನೆಂಬ ಜಂಬದಲ್ಲಿ ನಾನೊಮ್ಮೆ ನಮ್ಮಪ್ಪನ ರೈಫಲ್ಲಿಗೆ ಮನೆಯಲ್ಲೇ ನಾಲ್ಕು ತೋಟಾ ತುಂಬಿದೆ. ಖಣಿಗೆ ಹೊರಟ ನನ್ನನ್ನು ಕಂಡು ಅವರು ಒಂದು ಹಗ್ಗ ಹಿಡಿದು ಹಿಂದೆಯೇ ಬಂದರು.

"ಮದ್ದು ತೂಗಿ ಹಾಕೀರೇನ್ರಿ ಮಾಸ್ತರ್?"

"ಅಂದಾಜ್ ಮ್ಯಾಲ ಹಾಕೀನ್ರಿ ಚಾಚಾ."

ಅವರು ಬೈಯಲಿಲ್ಲ. ರೈಫಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ನಾನು ತುಂಬಿದ ಒಂದು ತೋಟಾ ಹಾಕಿ, ಕಲ್ಲಿಗೆ ಬಿಗಿದು, ಟ್ರಿಗರಿಗೆ ಆ ಉದ್ದನೆಯ ಹಗ್ಗ ಕಟ್ಟಿದರು. ನನ್ನನ್ನು ಬಂಡೆಯ ಮರೆಯಲ್ಲಿ ಕೂರಿಸಿಕೊಂಡು ಹಗ್ಗ ಎಳೆದರು. ಆ ಸದ್ದಿಗೆ ಕಿವಿ ಗುಂಯ್ ಎಂದಿತು. ಎದ್ದು ನೋಡಿದರೆ ರೈಫಲ್ಲಿನ ಹಿಂಭಾಗವೇ ಸಿಡಿದುಹೋಗಿತ್ತು. ಅಪ್ಪನ ಬಂದೂಕು ಹಾಳಾಯಿತಲ್ಲ ಎಂದು ನಾನು ಅಳತೊಡಗಿದೆ.

ಅವರು ಬಂದೂಕಿನತ್ತ ತಿರುಗಿಯೂ ನೋಡಲಿಲ್ಲ. ನನ್ನ ಎರಡೂ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ಎಣಿಸಿದರು.

"ಹತ್ತೂ ಅವ ನೋಡ್ರಿ," ಎಂದರು.