ಅಂಗಳದಲ್ಲಿ ಮಗುಚಿದ ಕಾರು

ಕಾರಿಗೆ ಬಣ್ಣ ಬಳಿಯಲು ಅದನ್ನು ದೋಣಿಯ ಹಾಗೆ ಮಗುಚಿ ಹಾಕಿದವರು ಬಂಟ್ವಾಳದಲ್ಲಿ ನನ್ನ ಗಂಡ ಒಬ್ಬರೇ ಇರಬೇಕು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರ ಹೆಂಡತಿಯ ಮೇಲೆ ನನಗೆ ತುಂಬ ಕನಿಕರವಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಮಾವ ಬದುಕಿಡೀ ನೇತ್ರಾವತಿಯಲ್ಲಿ ದೋಣಿ ನಡೆಸಿದವರು. ಮಗನಿಗೆ ಮಾತ್ರ ನೀರಿಗಿಂತ ರಸ್ತೆಯ ಹುಚ್ಚು. ಮೂಡಬಿದಿರೆಯ ಡಾಕ್ಟರೊಬ್ಬರು ಮಾರಿದ ಪುಟ್ಟ ಹಳೆಯ ಕಾರೊಂದನ್ನು ಕೊಂಡು ಸಿದ್ಧಕಟ್ಟೆ, ಮೂಡಬಿದಿರೆ ಎಂದು ಬಾಡಿಗೆಗೆ ಓಡಿಸುತ್ತಿದ್ದರು. ಇಂಜಿನ್ ಗಟ್ಟಿಯಾಗಿತ್ತು. ಅಡಿಯ ತಗಡು ಮಾತ್ರ ಮಳೆಗಾಲಗಳ ಕೆಸರು ತಿಂದು ತುಕ್ಕು ಹಿಡಿದು, ಕಾಲಿಡುವಲ್ಲೇ ತೂತು ಬಿದ್ದಿತ್ತು.

ಆ ತೂತು ನನ್ನ ಅಪ್ಪನ ಕಣ್ಣಿಗೇ ಬೀಳಬೇಕೆ? ನನ್ನ ತವರು ಚಾರ್ಮಾಡಿಯ ಹತ್ತಿರ. ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಳ್ಳ, ಅದಕ್ಕೆ ಸೇತುವೆಯಿಲ್ಲ. ಒಮ್ಮೆ ಅಪ್ಪನನ್ನು ಕೂರಿಸಿಕೊಂಡು ಹಳ್ಳ ದಾಟುವಾಗ ನೀರು ಒಳಗೆ ನುಗ್ಗಿ ಅವರ ಹೊಸ ಚಪ್ಪಲಿ ತೇಲಿತು. ಅಪ್ಪ ಅಂದು ಏನೂ ಹೇಳಲಿಲ್ಲ. ನಾನು ಗರ್ಭಿಣಿಯಾಗಿ, ಏಳನೇ ತಿಂಗಳ ಬಯಕೆ ಶಾಸ್ತ್ರಕ್ಕೆ ದಿನ ನೋಡಿದಾಗ ಹೇಳಿದರು.

"ಶಾಸ್ತ್ರ ಮುಗಿದ ಮೇಲೆ ಮಗಳನ್ನು ಆ ಕಾರಲ್ಲಿ ಕರಕೊಂಡು ಹೋಗ್ಲಿಕ್ಕೆ ನನಗೆ ಧೈರ್ಯ ಇಲ್ಲ. ಕೂತಲ್ಲಿಂದ ರಸ್ತೆ ಕಾಣ್ತದೆ. ನಾನು ಬೆಳ್ತಂಗಡಿಯಿಂದ ಬೇರೆ ಕಾರು ತರ್ತೇನೆ."

ಬಾಡಿಗೆ ಕಾರಿನವನ ಹೆಂಡತಿ ಬೇರೆಯವನ ಬಾಡಿಗೆ ಕಾರಿನಲ್ಲಿ ತವರಿಗೆ ಹೋದರೆ ಆಮೇಲೆ ಅವನ ಕಾರು ಹತ್ತುವವರು ಯಾರು? ಬಿ.ಸಿ.ರೋಡಿನಲ್ಲಿ ಸಾಲಾಗಿ ನಿಲ್ಲುವ ಕಾರಿನವರು ವರ್ಷವಿಡೀ ಅದನ್ನೇ ಆಡಿಕೊಳ್ಳುತ್ತಿದ್ದರು. ಗಂಡ ಆ ರಾತ್ರಿ ಊಟ ಮಾಡಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅಪ್ಪ ಹೇಳಿದ್ದು ಸುಳ್ಳಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮರುದಿನದಿಂದ ಮನೆಯಂಗಳವೇ ವರ್ಕ್‌ಶಾಪು. ಶಾಸ್ತ್ರಕ್ಕೆ ಹದಿನೈದು ದಿನ ಉಳಿದಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ತೂತಿಗೆ ತೇಪೆ ಹಾಕಿ ಆಯಿತು. ಅದರ ಅಡಿಗೆ ಏನು ಬಳಿಯುವುದು? ಗ್ಯಾರೇಜಿನವರು ಯಾವುದೋ ಬಣ್ಣದ ಹೆಸರು ಹೇಳಿದರು, ಮಂಗಳೂರಿನಿಂದ ತರಿಸಬೇಕು ಎಂದರು. ಮಾವನಿಗೆ ನಗು ಬಂತು.

"ನೀರು ತಾಗದ ಹಾಗೆ ಮಾಡ್ಲಿಕ್ಕೆ ಮಂಗಳೂರಿಗೆ ಯಾಕೆ ಮಾರಾಯ? ನಮ್ಮಲ್ಲಿ ಗೇರೆಣ್ಣೆ ಉಂಟಲ್ಲ!"

ಗೇರುಬೀಜದ ಸಿಪ್ಪೆಯಿಂದ ಇಳಿಸುವ ಆ ಕಪ್ಪು ಎಣ್ಣೆಯನ್ನು ಧೂಪದ ಮರದ ಅಂಟಿನೊಡನೆ ಕಾಯಿಸಿ, ಪ್ರತಿ ಬೇಸಿಗೆಯಲ್ಲಿ ದೋಣಿಯ ಹೊಟ್ಟೆಗೆ ಬಳಿಯುವುದು ಅವರ ಪದ್ಧತಿ. ಬಳಿಯಲು ದೋಣಿಯನ್ನು ದಡಕ್ಕೆಳೆದು ಮಗುಚಬೇಕು. ಹಾಗಾಗಿ ಕಾರನ್ನೂ ಮಗುಚುವುದೆಂದು ತಂದೆ ಮಗ ಕೂಡಿ ತೀರ್ಮಾನಿಸಿದರು. ಬೈಹುಲ್ಲು ಹಾಸಿ, ಎಂಟು ಜನ ದೋಣಿಯವರು ಕೂಗು ಹಾಕುತ್ತ ಒಂದು ಮಗ್ಗುಲಿಗೆ ಎತ್ತಿ ಮಗುಚಿದರು. ಪೆಟ್ರೋಲು ಮೊದಲೇ ಖಾಲಿ ಮಾಡಿದ್ದರು, ಅಷ್ಟರ ಮಟ್ಟಿಗೆ ಜಾಣರು. ಬ್ಯಾಟರಿಯ ನೆನಪು ಯಾರಿಗೂ ಆಗಲಿಲ್ಲ. ದೋಣಿಗೆ ಬ್ಯಾಟರಿ ಎಲ್ಲಿಂದ? ಆಸಿಡ್ ಸುರಿದು ಹುಲ್ಲು ಹೊಗೆಯಾಡಿತು, ಇಂಜಿನ್ ಎಣ್ಣೆ ತುಳಸಿಕಟ್ಟೆಯವರೆಗೆ ಹರಿಯಿತು. ಅತ್ತೆ ಬಾಯಿಗೆ ಬಂದದ್ದನ್ನೆಲ್ಲ ಬೈದರು. ನಾನು ಚಾವಡಿಯ ಕಂಬಕ್ಕೊರಗಿ ಹೊಟ್ಟೆ ಹಿಡಿದು ನಕ್ಕೆ, ಬಸುರಿ ಹಾಗೆ ನಗಬಾರದು ಎಂದು ಅತ್ತೆ ನನ್ನನ್ನೂ ಬೈದರು.

ನಗು ಎರಡನೇ ದಿನಕ್ಕೆ ನಿಂತಿತು. ಗೇರೆಣ್ಣೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ದೋಣಿಯವರು ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಅದನ್ನು ಮುಟ್ಟುವುದು. ನನ್ನ ಗಂಡನೂ ಹಾಗೆಯೇ ಶುರುಮಾಡಿದ್ದರು. ಆದರೆ ಮರ ಸಹಿಸಿಕೊಂಡದ್ದನ್ನು ತಗಡು ಸಹಿಸಲಿಲ್ಲ. ತುಕ್ಕು ಉಜ್ಜಿ ತೆಗೆದ ಜಾಗದಲ್ಲಿ ಕೈಯ ತೆಂಗಿನೆಣ್ಣೆಯ ಪಸೆ ತಾಗಿದಲ್ಲೆಲ್ಲ ಗೇರೆಣ್ಣೆ ಹಿಡಿಯದೆ ಜಾರಿಬಿತ್ತು. ಅಷ್ಟನ್ನೂ ಕೆರೆದು ತೆಗೆದು, ಕೈಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು, ಬರಿಗೈಯಲ್ಲಿ ತೆಂಗಿನ ನಾರು ಹಿಡಿದು ಮೂರು ಸಲ ಬಳಿದರು.

"ಕೈ ಏನಾಗ್ತದೆ ಅಂತ ಗೊತ್ತುಂಟಲ್ಲ ನಿಮಗೆ?" ಎಂದೆ.

"ಕೈಗೆ ಹೊಸ ಚರ್ಮ ಬರ್ತದೆ. ತಗಡಿಗೆ ಬರುವುದಿಲ್ಲ," ಎಂದರು.

ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕಾರನ್ನು ನೇರ ನಿಲ್ಲಿಸಿದ ಮೇಲೆ ಅದರ ಮೇಲ್ಮೈಗೆ ಕಪ್ಪು ಬಣ್ಣ ಬಳಿದದ್ದೂ ಅದೇ ಕೈಯಿಂದ. ಅಂಗೈ ತುಂಬ ಬೊಕ್ಕೆ ಎದ್ದಿದ್ದರೂ ನೆರೆಮನೆಯಿಂದ ತಂದ ಬ್ರಶ್ಶನ್ನು ಬೇರೆಯವರಿಗೆ ಕೊಡಲಿಲ್ಲ. ಬಾಗಿಲ ಮೇಲೆಲ್ಲ ಬ್ರಶ್ಶಿನ ಗೆರೆ.

ಶಾಸ್ತ್ರದ ದಿನ ಅಪ್ಪ ಹೇಳಿದ ಹಾಗೆಯೇ ಬೆಳ್ತಂಗಡಿಯಿಂದ ಕಾರು ಮಾಡಿಸಿ, ತವರಿನ ಕೆಲವು ಹೆಂಗಸರನ್ನು ಕರೆದುಕೊಂಡು ಬಂದರು. ಒಳ್ಳೆಯ ಕಾರು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡೂ ಕಾರು ಗೇಟಿನ ಹತ್ತಿರ ಅಕ್ಕಪಕ್ಕ ನಿಂತವು. ನನಗೆ ಹೂ ಮುಡಿಸಿ, ಬಳೆ ತೊಡಿಸಿ, ಬಯಸಿದ್ದನ್ನೆಲ್ಲ ಬಡಿಸಿದರು. ಗಂಡ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಚಾವಡಿಯಲ್ಲಿ ನಿಂತಿದ್ದರು. ತಮ್ಮ ಕಾರಿಗೆ ಬಾ ಎಂದು ನನ್ನನ್ನು ಕರೆಯಲಿಲ್ಲ.

ಹೊರಡುವ ಹೊತ್ತಾಯಿತು. ಹಿರಿಯರು ಮಾತು ತೆಗೆದರೆ ನಾನು ಒಪ್ಪಬೇಕಾಗುತ್ತದೆ. ಆದ್ದರಿಂದ ಯಾರೂ ಬಾಯಿ ತೆರೆಯುವ ಮೊದಲೇ ಆ ಭಾರದ ಹೊಟ್ಟೆ ಹೊತ್ತು ಅಂಗಳ ದಾಟಿ, ಗಂಡನ ಕಾರಿನ ಬಾಗಿಲು ತೆಗೆದು ಕುಳಿತೆ. ಕಾರಿನ ಬಾಗಿಲಿನ ಅಡಿ ಅಂಚಿನಲ್ಲಿ ಗೇರೆಣ್ಣೆ ಇನ್ನೂ ಒಣಗಿರಲಿಲ್ಲ. ಹೊಸ ಸೀರೆಯ ಅಂಚಿಗೆ ಅಂಗೈಯಗಲ ಕಪ್ಪು ಮೆತ್ತಿತು.

ಅಪ್ಪ ಕೆಂಪು ಮುಖ ಮಾಡಿಕೊಂಡು ನನ್ನ ಬಳಿ ಬಂದರು. ಅಷ್ಟರಲ್ಲಿ ಗಂಡ ಓಡಿ ಬಂದು, ಸೀರೆ ಸಿಕ್ಕದ ಹಾಗೆ ಬಾಗಿಲು ಹಾಕಲೆಂದು ಕೈ ಮುಂದೆ ಚಾಚಿದರು. ಅಪ್ಪ ಆ ಕೈಗಳನ್ನು ನೋಡಿದರು. ಆಮೇಲೆ ತಾವು ತಂದ ಕಾರಿನ ಡ್ರೈವರಿಗೆ ಹೇಳಿದರು: "ಹೆಂಗಸರನ್ನು ಕೂರಿಸಿಕೊಂಡು ನೀನು ಹಿಂದಿನಿಂದ ಬಾ."

ತಾವು ಅಳಿಯನ ಪಕ್ಕ ಕುಳಿತರು. ಇಂಜಿನ್ ಬಿಸಿಯಾದಂತೆ ಗೇರೆಣ್ಣೆಯ ನಾತಕ್ಕೆ ನನಗೆ ವಾಂತಿ ಬಂದು ಎರಡು ಕಡೆ ನಿಲ್ಲಿಸಬೇಕಾಯಿತು. ಗಂಡ ಹಳೆಯ ಬಟ್ಟೆ ಸುತ್ತಿದ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಮೇಲೆ ಘಟ್ಟದಲ್ಲಿ ಹಿಂದಿನ ದಿನ ಮಳೆಯಾಗಿತ್ತು, ಹಳ್ಳದಲ್ಲಿ ಚಕ್ರದ ಅರ್ಧದವರೆಗೆ ನೀರು. ಕಾರು ಇಳಿಯುತ್ತಲೇ ಅಪ್ಪ ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡು ಎರಡೂ ಕಾಲು ಮೇಲೆತ್ತಿದರು. ಹಳ್ಳ ಮುಗಿಯುವವರೆಗೂ ಹಾಗೇ ಕುಳಿತಿದ್ದರು. ಆಚೆ ದಡ ಸೇರಿದ ಮೇಲೆ ಒಂದು ಕಾಲು ಇಳಿಸಿ ಮೆಲ್ಲಗೆ ನೆಲ ಸವರಿ ನೋಡಿದರು. ಆಮೇಲೆ ಇನ್ನೊಂದು. ಹನಿ ನೀರಿರಲಿಲ್ಲ. ಮನೆ ಮುಟ್ಟಿದ ಕೂಡಲೇ ಅಮ್ಮನನ್ನು ಕೂಗಿದರು: "ತೆಂಗಿನೆಣ್ಣೆ ಬಿಸಿ ಮಾಡು. ಮೊದಲು ಅವರ ಕೈ ನೋಡುವ, ಮಗಳು ಆಮೇಲೆ."

ಹೆರಿಗೆಯಾಗಿ ಬಾಣಂತನ ಮುಗಿಯುತ್ತ ಬಂದಾಗ ಅಪ್ಪ ಬಂಟ್ವಾಳಕ್ಕೊಂದು ಕಾರ್ಡು ಬರೆದರು. "ಇಂಥ ದಿನ ಒಳ್ಳೆಯದುಂಟು. ತಾಯಿ ಮಗುವನ್ನು ಕರೆದುಕೊಂಡು ಹೋಗಲು ನಿಮ್ಮ ಕಾರನ್ನೇ ತರುವುದು." ಕಾರ್ಡು ಓದಿ ನನ್ನ ಗಂಡ ಮಾಡಿದ ಮೊದಲ ಕೆಲಸ, ಆ ಎಂಟು ಜನರನ್ನು ಕರೆದು ಕಾರನ್ನು ಮತ್ತೊಮ್ಮೆ ಮಗುಚಿದ್ದಂತೆ. ಆ ಸಲ ಬ್ಯಾಟರಿ ತೆಗೆದಿಟ್ಟಿದ್ದರು. ಕೈಗೆ ಮಾತ್ರ ಏನೂ ಸವರಿಕೊಂಡಿರಲಿಲ್ಲ.