ಬೋರ್ಡಿನ ಮೂಲೆಯ ಪಾಸ್‌ವರ್ಡ್

ಬೋರ್ಡಿನ ಮೂಲೆಯಲ್ಲಿ ಒಂದು ಚೌಕ ಎಳೆದು, ಅದರ ಕೆಳಗೆ ‘ಅಳಿಸಬೇಡಿ’ ಎಂದು ಬರೆದರೆ ಮುಗಿಯಿತು, ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ಅದನ್ನು ಮುಟ್ಟುವ ಗಂಡು ಇನ್ನೂ ಹುಟ್ಟಿರಲಿಲ್ಲ. ಪರೀಕ್ಷೆಯ ದಿನಾಂಕ, ಫೀಸಿನ ಕೊನೆಯ ದಿನ ಎಲ್ಲವೂ ಆ ಚೌಕದೊಳಗೇ ಇರುತ್ತಿದ್ದವು. ಕಸ ಗುಡಿಸುವ ಅಮ್ಮ ಕೂಡ ಸುತ್ತಲೂ ಒರೆಸಿ ಅದೊಂದನ್ನು ಬಿಟ್ಟು ಹೋಗುತ್ತಿದ್ದಳು. ನಾನು ಎರಡನೇ ಪಿಯುಸಿಯಲ್ಲಿದ್ದಾಗ, ಎರಡು ಸಾವಿರದ ಏಳೋ ಎಂಟೋ ಇರಬೇಕು, ನಮ್ಮ ಕಂಪ್ಯೂಟರ್ ಮೇಷ್ಟ್ರು ಆ ಚೌಕದೊಳಗೆ ಬರೆದದ್ದು ಇಡೀ ತರಗತಿಯ ಇಮೇಲ್ ಪಾಸ್‌ವರ್ಡು.

ಮೇಷ್ಟ್ರು ಹರವೆ ಕಡೆಯವರು, ಹೊಲ ಬಿಟ್ಟು ಸಂಬಳಕ್ಕೆ ಬಂದ ಅವರ ಮನೆಯ ಮೊದಲಿಗರು. ಕಾಲೇಜಿಗೆ ಅತಿಥಿ ಉಪನ್ಯಾಸಕರು. ಕೆಟ್ಟವರಲ್ಲ. ಇನ್ನು ಮುಂದೆ ಅರ್ಜಿಗಳೆಲ್ಲ ಇಂಟರ್ನೆಟ್ಟಿನಲ್ಲೇ ಎಂದು ನಮಗೆಲ್ಲ ಒಂದೊಂದು ಇಮೇಲ್ ಮಾಡಿಕೊಟ್ಟಿದ್ದರು. ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಕರೆಂಟೂ ಇದ್ದು, ನಮ್ಮ ಸರದಿಯೂ ಬಂದರೆ ನಾವು ಪಾಸ್‌ವರ್ಡ್ ಮರೆತಿರುತ್ತಿದ್ದೆವು. ಅವರಿಗೆ ರೋಸಿಹೋಯಿತು.

“ಎಲ್ರುಗೂ ಒಂದೇ ಆಕ್ಬುಟ್ಟಿವ್ನಿ ಕಣ್ರಮ್ಮ. ನಂದೂ ಅದೇಯ. ಇನ್ಮೇಲೆ ಮರ್ತೋಯ್ತು ಅಂತ ನನ್ ತಲೆ ತಿನ್ಬೇಡಿ.”

ನಾವು ಚಪ್ಪಾಳೆ ತಟ್ಟಿದೆವು. ಹೌದು, ಚಪ್ಪಾಳೆ! ದಡ್ಡಮುಂಡೇವು.

ನಮ್ಮ ಮನೆಮಾತು ಉರ್ದು. ಅಬ್ಬಾಗೆ ಮಾರ್ಕೆಟ್ಟಿನ ಹತ್ತಿರ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಸಂಜೆ ಮನೆಗೆ ಬಂದು, ಕಲಾಯಿ ಹೊಗೆಯ ಕೆಮ್ಮನ್ನೆಲ್ಲ ಕೆಮ್ಮಿ ಮುಗಿಸಿ, ಪೇಪರನ್ನು ನನ್ನ ಕೈಗಿಟ್ಟು “ಪಢ್ ಬೇಟಾ” ಎನ್ನುತ್ತಿದ್ದರು. ತರಕಾರಿ ದರದಿಂದ ನಿಧನ ವಾರ್ತೆಯವರೆಗೆ ಎಲ್ಲವನ್ನೂ ಓದಿ ಹೇಳಬೇಕು. ಚಾಮರಾಜನಗರದಲ್ಲಿ ಡಿ.ಎಡ್ ಮಾಡಿ ನಾನು ಟೀಚರ್ ಆಗಬೇಕೆಂದು ನನಗಿಂತ ಅವರಿಗೇ ಹೆಚ್ಚು ಆಸೆ. ಹೆಣ್ಣುಮಗಳಿಗೆ ಇಷ್ಟೊಂದು ಓದು ಯಾಕೆ ಎಂದ ನೆಂಟರಿಗೆ, “ಅವಳು ನನ್ನ ಕಣ್ಣು. ಕಣ್ಣು ಮುಚ್ಕೋ ಅಂತೀರಾ?” ಎಂದು ಗದರಿದ್ದರು.

ಪರೀಕ್ಷೆ ಹತ್ತಿರವಾಗುತ್ತಿತ್ತು. ಒಂದು ಸಂಜೆ ಅಬ್ಬಾ ಪೇಪರಿನ ಬದಲು ಮಡಿಚಿದ ಪ್ರಿಂಟ್ ತಂದರು. ಯಾರೋ ಅಂಗಡಿ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದರಂತೆ.

“ಪಕ್ಕದ ಅಂಗಡಿಯವನು ನೋಡಿ ನಿನ್ನ ಹೆಸರಿದೆ ಅಂದ. ಏನೋ ಬಹುಮಾನ ಇರಬೇಕು, ಪಢ್ ಬೇಟಾ” ಎಂದವರು, ಕೇಳಲಿ ಎಂದು ಅಮ್ಮಿಯನ್ನೂ ಒಳಗಿನಿಂದ ಕರೆದರು.

ಮೊದಲ ಸಾಲಿಗೇ ನಿಲ್ಲಿಸಿಬಿಟ್ಟೆ. ನನ್ನ ಇಮೇಲಿನಿಂದ ಮೇಷ್ಟ್ರಿಗೆ ಹೋದ ಪ್ರೇಮಪತ್ರ, ಅದರ ಕೆಳಗೆ ಮೇಷ್ಟ್ರ ಇಮೇಲಿನಿಂದ ನನಗೆ ಬಂದ ಉತ್ತರ. ಯಾವನೋ ಹಲ್ಕಾ ನನ್ನ ಮಗ ನಮ್ಮಿಬ್ಬರ ಇಮೇಲನ್ನೂ ತೆರೆದು ಕೂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಲ್ಯಾಬಿನ ಬಾಗಿಲು ಹಾಕಿಕೊಂಡು ನಾವು ಏನೇನು ಮಾಡಿದೆವೆಂದು ಬರೆದಿದ್ದ.

“ಯಾಕೆ ನಿಲ್ಲಿಸಿದೆ?” ಎಂದರು ಅಬ್ಬಾ.

ಬೇರೇನಾದರೂ ಓದಿಬಿಡಬಹುದಿತ್ತು. ಆದರೆ ನಾಳೆ ಪಕ್ಕದ ಅಂಗಡಿಯವನೇ ಅದನ್ನು ಓದಿ ಹೇಳಿದರೆ? “ಇದು ನಾನು ಬರೆದದ್ದಲ್ಲ ಅಬ್ಬಾ” ಎಂದೆ. ಆಮೇಲೆ ಕೊನೆಯವರೆಗೂ ಓದಿದೆ. ಅಮ್ಮಿ ಎದ್ದು ಒಳಗೆ ಹೋದರು.

ಮರುದಿನ ಅಬ್ಬಾ ನನ್ನನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರು ಮೇಷ್ಟ್ರನ್ನೂ ಕರೆಸಿದರು. ಮೇಷ್ಟ್ರು ಪ್ರಿಂಟ್ ಓದಿ ಮೇಜಿನ ಮೇಲೆ ಬೋರಲು ಹಾಕಿದರು.

“ನಿಮ್ಮ ಇಮೇಲಿಗೆ ಪಾಸ್‌ವರ್ಡ್ ಅಂತ ಇರ್ಲಿಲ್ವೇನ್ರೀ?” ಎಂದರು ಪ್ರಿನ್ಸಿಪಾಲರು.

“ಇತ್ತು ಸಾರ್.”

“ಯಾರಿಗ್ ಗೊತ್ತಿತ್ತು?”

“ಎಲ್ರುಗೂವೆ ಸಾರ್. ಬೋರ್ಡ್ ಮ್ಯಾಲೇ ಅದೆ.”

ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ. ಆ ನಗು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪ್ರಿನ್ಸಿಪಾಲರು ಅಬ್ಬಾ ಕಡೆ ತಿರುಗಿ, “ಪೊಲೀಸು ಗಿಲೀಸು ಬೇಡ ಸಾಹೇಬ್ರೆ. ದೊಡ್ಡದು ಮಾಡಿದ್ರೆ ನಿಮ್ಮ ಹುಡುಗಿ ಹೆಸ್ರೇ ಹಾಳಾಗೋದು, ಬುಟ್ಬುಡಿ” ಎಂದರು. ಮೇಷ್ಟ್ರಿಗೆ ನಾಳೆಯಿಂದ ಬರಬೇಡಿ ಎಂದರು. ಬರೆದವನು ಯಾರೆಂದು ಯಾರೂ ಹುಡುಕಲಿಲ್ಲ. ಹುಡುಕಲು ಹೊರಟರೆ ಇಡೀ ತರಗತಿಯನ್ನೇ ನಿಲ್ಲಿಸಿ ಕೇಳಬೇಕಿತ್ತು, ಆ ಕಷ್ಟ ಯಾರಿಗೆ ಬೇಕು!

ನಾನು ಅಲ್ಲಿಂದ ನೇರ ತರಗತಿಗೆ ಹೋದೆ. ಹುಡುಗರೆಲ್ಲ ಪುಸ್ತಕಕ್ಕೆ ತಲೆ ತಗ್ಗಿಸಿದರು. ಚೌಕ ಹಾಗೇ ಇತ್ತು. ಡಸ್ಟರ್ ಹುಡುಕುವಷ್ಟು ತಾಳ್ಮೆ ಇರಲಿಲ್ಲ, ದುಪಟ್ಟಾದಲ್ಲೇ ಉಜ್ಜತೊಡಗಿದೆ.

“ಏಯ್, ಅದ್ನ ಅಳಿಸ್ಬಾರ್ದು ಕಣಮ್ಮಿ” ಎಂದಳು ಮುಂದಿನ ಬೆಂಚಿನವಳೊಬ್ಬಳು, ಗಾಬರಿಯಿಂದ.

ಅಬ್ಬಾ ನನ್ನನ್ನು ಮನೆಗೆ ಕರೆದುಕೊಂಡು ಹೊರಟರು. ಊಟಿ ರಸ್ತೆ ದಾಟಿದ ಮೇಲೆ, “ನೀನು ಬರೆದಿಲ್ಲ ಬೇಟಾ. ನಂಬ್ತೀನಿ” ಎಂದರು. ಸದ್ಯ, ಬದುಕಿದೆ ಅಂದುಕೊಂಡೆ.

“ಆದರೆ ಅದನ್ನೆಲ್ಲ ನಿನ್ನ ಬಾಯಲ್ಲೇ ಕೇಳಿಬಿಟ್ಟೆನಲ್ಲ” ಎಂದರು.

ನನ್ನನ್ನು ಪರೀಕ್ಷೆಗೆ ಕಳಿಸಲಿಲ್ಲ. ಮುಂದಿನ ವರ್ಷ ಚಾಮರಾಜನಗರಕ್ಕೆ ಹೋದೆ, ಡಿ.ಎಡ್‌ಗಲ್ಲ, ಮದುವೆಯಾಗಿ. ಅಲ್ಲಿಯವರೆಗೂ ಅಬ್ಬಾ ಪೇಪರ್ ತರುವುದನ್ನೇನೂ ಬಿಡಲಿಲ್ಲ. ಸಂಜೆ ಬಂದು, ಕೆಮ್ಮಿ ಮುಗಿಸಿ, ತೊಡೆಯ ಮೇಲೆ ಹರಡಿಕೊಂಡು, ಬರೀ ಫೋಟೋಗಳನ್ನು ನೋಡಿ ಮಡಿಚಿಡುತ್ತಿದ್ದರು. ನಾನು ಎದುರಿಗೇ ಕೂತಿರುತ್ತಿದ್ದೆ.